44 ಅಡಿ ಗೆರೆ

ಜುಲೈಯಲ್ಲಿ ಅಂಗಳದ ಪಾಚಿಯ ಮೇಲೆ ಜಾರಿ ಬಿದ್ದ ಅಮ್ಮ ಮೂರು ತಿಂಗಳು ಹಾಸಿಗೆ ಹಿಡಿದಳು. ತೀರ್ಥಹಳ್ಳಿಯ ಮಳೆಗಾಲದಲ್ಲಿ ಕಿಟಕಿ ತೆರೆದರೆ ಎರಚಲು, ಮುಚ್ಚಿದರೆ ಕತ್ತಲೆ. ಹಾಗಾಗಿ ಅವಳಿಗೆ ನೋಡಲು ಉಳಿದದ್ದು ಸೀಲಿಂಗ್, ಮತ್ತು ಅದು ಗೋಡೆಯನ್ನು ಕೂಡುವ ಅಂಚು. ಹತ್ತು ವರ್ಷಗಳ ಕೆಳಗೆ ಕೂಲಿಗೆ ಬಂದ ಹುಡುಗರು ಪಿಸ್ತಾ ಹಸಿರು ಬಳಿಯುವಾಗ ಆ ಅಂಚಿನಲ್ಲಿ ಕೈ ಹೋದ ಕಡೆಗೆಲ್ಲ ಬಣ್ಣವೂ ಹೋಗಿತ್ತು. "ಆ ಗೆರೆ ನೋಡು, ತುಂಗೆ ಹರಿದ ಹಾಗಿದೆ. ಅದರ ತಿರುವೆಲ್ಲ ನನಗೆ ಬಾಯಿಪಾಠವಾಗಿದೆ," ಎಂದಳು ಒಂದು ದಿನ. ದೀಪಾವಳಿ ಕಳೆದ ಮೇಲೆ ಬಣ್ಣ ಹೊಡೆಸುತ್ತೇನೆ ಎಂದು ಮಾತು ಕೊಟ್ಟೆ.

ಹೊಡೆಸುವ ಮಾತು ಹೊಡೆಯುವ ಕೆಲಸವಾದದ್ದು ಅಡಿಕೆಯಿಂದ. ನವೆಂಬರ್ ಬಂತೆಂದರೆ ನಮ್ಮ ಕಡೆ ಪೇಂಟರ್ ಇರಲಿ, ಗಾರೆಯವರಿರಲಿ, ಕೈಕಾಲು ಗಟ್ಟಿ ಇರುವವರೆಲ್ಲ ಕೊಯ್ಲಿಗೂ ಸುಲಿಯುವುದಕ್ಕೂ ಹೋಗಿರುತ್ತಾರೆ. ಪರಿಚಯದ ಪೇಂಟರ್ "ಸಂಕ್ರಾಂತಿ ಕಳೆಯಲಿ ಮೇಷ್ಟ್ರೇ," ಎಂದುಬಿಟ್ಟರು. ಎಳ್ಳಮಾವಾಸ್ಯೆ ಜಾತ್ರೆಗೆ ತಂಗಿ ಬರುವುದರೊಳಗೆ ಮುಗಿಯಬೇಕು ಎಂಬುದು ಅಮ್ಮನ ಲೆಕ್ಕ. ಹೈಸ್ಕೂಲಿನಲ್ಲಿ ಗಣಿತ ಹೇಳುವ ನನಗೆ ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಬಿಡುವು. ಒಂದು ಕೋಣೆ ತಾನೇ ಎಂದು ಕೈ ಹಾಕಿದೆ. ಎರಡು ವಾರಾಂತ್ಯದಲ್ಲಿ ಮುಗಿಯುತ್ತದೆ ಎಂದುಕೊಂಡದ್ದು ಐದು ವಾರಾಂತ್ಯ ಎಳೆಯಿತು. ಗೋಡೆಯ ಮೇಲೆ ರೋಲರ್ ಉರುಳಿಸುವುದರಲ್ಲಿ ಹೇಳುವಂಥದ್ದೇನೂ ಇಲ್ಲ. ದಿನ ತಿಂದದ್ದು ಆ ಅಂಚು. ಇಲ್ಲಿ ಬರೆದಿಡುವುದೂ ಅದನ್ನೇ.

ಕೋಣೆ 12 ಅಡಿ ಉದ್ದ, 10 ಅಡಿ ಅಗಲ, ಎತ್ತರ ಒಂಬತ್ತೂವರೆ. ಸುತ್ತ ಅಳೆದರೆ ಅಂಚು 44 ಅಡಿ. ಜಂಬಿಟ್ಟಿಗೆಯ ಗೋಡೆ, ಮೇಲೆ ಕಾಂಕ್ರೀಟ್ ಮೋಲ್ಡ್. 1991ರಲ್ಲಿ ಅಪ್ಪ ಹಾಕಿಸಿದ್ದು. ಕಾಂಕ್ರೀಟ್ ಗಟ್ಟಿಯಾಗುವವರೆಗೆ ಹೊರುವ ಸೆಂಟ್ರಿಂಗಿಗೆ ಹಲಗೆ ಹಾಸಿ ಕೆಳಗೆ ಅಡಿಕೆ ಮರದ ಕಂಬ ಕೊಟ್ಟಿದ್ದರಂತೆ. ಆ ಹಲಗೆಗಳ ಸಂದು ಈಗಲೂ ಸೀಲಿಂಗಿನಲ್ಲಿ ಸಣ್ಣ ಏಣಾಗಿ ಕೈಗೆ ಸಿಗುತ್ತದೆ. ಕೆಲವು ವರ್ಷಗಳ ಹಿಂದೆ ತಾರಸಿಯ ಮೇಲೆ ಶೀಟಿನ ಮಾಡು ಹಾಕಿಸಿದ್ದರಿಂದ ನೀರು ಇಳಿಯುವುದು ನಿಂತಿದೆ. ಅದು ನಿಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕುತ್ತಲೇ ಇರಲಿಲ್ಲ. ಸೋರುವ ತಾರಸಿಯ ಕೆಳಗೆ ಅಂಚಿನ ಚೆಂದ ನೋಡುತ್ತ ಕುಳಿತರೆ ದುಡ್ಡು ದಂಡ.

ಬಣ್ಣ ಅಮ್ಮನ ಆಯ್ಕೆ: ಕೆಸುವಿನ ಎಲೆಯ ಹಸಿರು. "ಬಿಳಿ ಬೇಡ. ಆಸ್ಪತ್ರೆಯಲ್ಲಿ ನೋಡಿದ್ದು ಸಾಕು." ಗೋಡೆ ಕೆನೆ ಬಣ್ಣದ್ದಾಗಿದ್ದರೆ ಅಂಚಿನ ಅರ್ಧ ತಪ್ಪು ಕಣ್ಣಿಗೆ ಬೀಳುತ್ತಿರಲಿಲ್ಲ. ಗಾಢ ಹಸಿರು ಬಿಳಿಯನ್ನು ಮುಟ್ಟುವಲ್ಲಿ ಒಂದು ಮಿಲಿಮೀಟರ್ ಆಚೀಚೆಯಾದರೂ ಅದು ಚಾಡಿ ಹೇಳುತ್ತದೆ.

ನವೆಂಬರ್ 8, ಶನಿವಾರ

ಅಮ್ಮನ ಮಂಚವನ್ನು ನಡುಮನೆಗೆ ಸಾಗಿಸಿದೆವು. ಪಕ್ಕದ ಮನೆಯಿಂದ ಎರಡು ಕಾಲಿನ ಅಲ್ಯೂಮಿನಿಯಂ ಏಣಿ ತಂದೆ. ಗೋಡೆಗೆ ಒರಗಿಸುವ ಏಣಿ ಈ ಕೆಲಸಕ್ಕೆ ಆಗದು. ಬಣ್ಣ ಬಳಿಯಬೇಕಾದ ಜಾಗಕ್ಕೇ ಅದು ತಲೆ ಕೊಟ್ಟು ನಿಂತಿರುತ್ತದೆ.

ಪಶ್ಚಿಮದ ಗೋಡೆ ಮಳೆಗೆ ಎದೆಯೊಡ್ಡುವ ಗೋಡೆ. ಅದರ ನೈಋತ್ಯ ಮೂಲೆಯಲ್ಲಿ ಮೊಳದಷ್ಟು ಜಾಗ ಕಪ್ಪು ಬೂಷ್ಟು ಹಿಡಿದಿತ್ತು. ಆಗುಂಬೆ ಇರುವ ತಾಲ್ಲೂಕಿನಲ್ಲಿ ಇದೇನೂ ಸುದ್ದಿಯಲ್ಲ. ಒಂದು ಲೀಟರ್ ನೀರಿಗೆ ಎರಡು ಚಮಚ ಬ್ಲೀಚಿಂಗ್ ಪೌಡರ್ ಕದಡಿ, ತಿಳಿಯನ್ನು ಬಸಿದುಕೊಂಡು, ಮುಖಕ್ಕೆ ಬಟ್ಟೆ ಕಟ್ಟಿ, ಕಿಟಕಿ ತೆರೆದಿಟ್ಟು ಸ್ಪಂಜಿನಲ್ಲಿ ಒತ್ತಿದೆ. ಇಪ್ಪತ್ತು ನಿಮಿಷ ಬಿಟ್ಟು ನೀರಿನಿಂದ ಒರೆಸಿದೆ. ಎರಡನೇ ಸಲಕ್ಕೆ ಕಪ್ಪು ಹೋಯಿತು.

ಒದ್ದೆ ಬಟ್ಟೆ ಸೀಲಿಂಗಿಗೆ ತಗುಲಿದಾಗ ಹಾಲಿನಂತೆ ಬಿಳಿ ಇಳಿದು ಮೊಣಕೈವರೆಗೆ ಬಂತು. ಹಳೆಯ ಡಿಸ್ಟೆಂಪರ್, ನೀರು ತಗುಲಿದರೆ ಕರಗುವ ಅಗ್ಗದ ಬಣ್ಣ. ಅದನ್ನು ಕೆರೆದು ತೆಗೆಯಬೇಕಿತ್ತು. ಮೇಲೆ ಬಳಿಯುವುದೂ ಬಿಳಿಯೇ ಅಲ್ಲವೇ ಎಂದು ಬಿಟ್ಟೆ. ಮುಂದಿನ ಮೂರು ತಪ್ಪುಗಳಲ್ಲಿ ಒಂದಕ್ಕೆ ಇದೇ ಬೇರು.

ನವೆಂಬರ್ 9, ಭಾನುವಾರ

ಗೋಡೆ ಮತ್ತು ಸೀಲಿಂಗ್ ಕೂಡುವ ಮೂಲೆಯ ಉದ್ದಕ್ಕೂ ಕೂದಲೆಳೆಯ ಬಿರುಕು. ಪಶ್ಚಿಮದ ಗೋಡೆಯಲ್ಲಿ ಹಳೆಯ ಎಟಿಎಂ ಕಾರ್ಡಿನ ಅಂಚು ಒಳಹೋಗುವಷ್ಟು ಅಗಲ. ಒಂದು ಕಿಲೋ ಪುಟ್ಟಿ ಕಲಸಿ ಬಿರುಕಿಗೆ ಒತ್ತಿ, ಬೆರಳಿನಲ್ಲಿ ಸವರಿ, ಒಣಗಿದ ಮೇಲೆ ಉಪ್ಪುಕಾಗದ ಉಜ್ಜಿದೆ. ಗೋಡೆಗೆ ಪ್ರೈಮರ್, ಸೀಲಿಂಗಿಗೆ ಒಂದು ಕೋಟು ಬಿಳಿ ಎಮಲ್ಷನ್. ಸಂಜೆ ನೋಡಿದರೆ ಮೂಲೆ ಎಷ್ಟು ನೀಟಾಗಿತ್ತೆಂದರೆ ಮೊಬೈಲಿನಲ್ಲಿ ಫೋಟೋ ತೆಗೆದು ತಂಗಿಗೆ ಕಳುಹಿಸಿದೆ. ಅವಸರ ಮಾಡಿದೆ.

ನವೆಂಬರ್ 15, ಶನಿವಾರ

ಹಸಿರಿನ ಮೊದಲ ದಿನ. 2 ಇಂಚಿನ ಹೊಸ ಬ್ರಷ್ ಹಿಡಿದು ಬರಿಗೈಯಲ್ಲೇ ಅಂಚು ಎಳೆಯತೊಡಗಿದೆ. ಬ್ರಷ್ಷನ್ನು ಪೂರ್ತಿ ಮುಳುಗಿಸಿ, ಡಬ್ಬಿಯ ಬಾಯಿಗೆ ಎರಡೂ ಕಡೆ ಒರೆಸಿ, ನೇರವಾಗಿ ಮೂಲೆಗೇ ಇಟ್ಟೆ. ಇಟ್ಟ ಜಾಗದಲ್ಲಿ ಬಣ್ಣ ಗುಡ್ಡೆ, ಒಂದು ಅಡಿ ಮುಂದೆ ಬರಗಾಲ. ಸೀಲಿಂಗಿನ ಹಲಗೆಯ ಏಣು ಸಿಕ್ಕಿದಲ್ಲೆಲ್ಲ ಬ್ರಷ್ ಕುಪ್ಪಳಿಸಿತು. ಬಿಳಿಗೆ ತಗುಲಿದ ಹಸಿರನ್ನು ಒದ್ದೆ ಬಟ್ಟೆಯಲ್ಲಿ ಒರೆಸಲು ಹೋದರೆ ಅದು ತೆಳ್ಳಗೆ ಹರಡಿಕೊಂಡಿತು.

ಉತ್ತರ ಮತ್ತು ಪಶ್ಚಿಮದ ಎರಡು ಗೋಡೆ ಮುಗಿಸುವಷ್ಟರಲ್ಲಿ ಕತ್ತಲಾಯಿತು. ಟ್ಯೂಬ್‌ಲೈಟ್ ಹಾಕಿದೆ. ಹಗಲು ಕಿಟಕಿಯ ಬೆಳಕಿನಲ್ಲಿ ಪರವಾಗಿಲ್ಲ ಎನಿಸಿದ್ದು ಸೀಲಿಂಗಿನ ಪಕ್ಕದಿಂದಲೇ ಬೀಳುವ ಟ್ಯೂಬಿನ ಬೆಳಕಿನಲ್ಲಿ ಗರಗಸದ ಹಲ್ಲಿನಂತೆ ಕಂಡಿತು. ವಾಕರ್ ಹಿಡಿದು ಬಾಗಿಲವರೆಗೆ ಬಂದ ಅಮ್ಮ, "ತುಂಗೆ ಹೋಗಿ ಭದ್ರೆ ಬಂತು," ಎಂದಳು.

ನವೆಂಬರ್ 16, ಭಾನುವಾರ

ಟೇಪ್ ಹಚ್ಚಿಯೇ ಬಿಡೋಣ ಎಂದುಕೊಂಡೆ. ಊರಿನ ಅಂಗಡಿಯಲ್ಲಿ 1 ಇಂಚಿನ ಮಾಮೂಲಿ ಮಾಸ್ಕಿಂಗ್ ಟೇಪು ಎರಡು ಸುರುಳಿ, 80 ರೂಪಾಯಿ. ಬಿಳಿಯನ್ನು ತಿದ್ದಿ, ಒಣಗಿಸಿ, ಸೀಲಿಂಗಿಗೆ ಮೂಲೆಯ ಗುಂಟ ಟೇಪ್ ಅಂಟಿಸಿ, ಗೋಡೆಗೆ ಹಸಿರು ಬಳಿದೆ. ಸುಸ್ತಾಗಿತ್ತು. ಟೇಪ್ ನಾಳೆ ಕೀಳೋಣ ಎಂದು ಮಲಗಿದೆ.

ಸೋಮವಾರ ಸಂಜೆ ಶಾಲೆಯಿಂದ ಬಂದು ಕಿತ್ತೆ. ಟೇಪಿನ ಜೊತೆ ಹೊಸ ಬಿಳಿ, ಅದರ ಜೊತೆ ಹಳೆಯ ಡಿಸ್ಟೆಂಪರ್ ಹಪ್ಪಳದಂತೆ ಎದ್ದು ಬಂತು. ಒಳಗಿನ ಬೂದು ಕಾಂಕ್ರೀಟ್ ಅಲ್ಲಲ್ಲಿ ಇಣುಕಿತು. ಹಪ್ಪಳ ಏಳದ ಕಡೆ ಹಸಿರು ಟೇಪಿನ ಅಡಿಗೆ ನುಗ್ಗಿ ಸೀಲಿಂಗಿನ ಮೇಲೆ ಬೇರು ಬಿಟ್ಟಿತ್ತು. ಕಾಂಕ್ರೀಟಿನ ಮೈ ಒರಟು. ಟೇಪು ಉಬ್ಬುಗಳ ಮೇಲೆ ಮಾತ್ರ ಕೂತಿತ್ತು, ತಗ್ಗುಗಳೆಲ್ಲ ತೂಬುಗಳಾಗಿದ್ದವು. ಇದರ ಜೊತೆಗೆ ಪಶ್ಚಿಮದ ಗೋಡೆಯ ಪುಟ್ಟಿಯಲ್ಲಿ ಬಿರುಕು ಮತ್ತೆ ಬಾಯಿ ಬಿಟ್ಟಿತ್ತು. ಹಾಕಿ ಎಂಟೇ ದಿನ.

ನವೆಂಬರ್ 22, ಶನಿವಾರ

ಬಿರುಕಿನ ವಿಷಯ ವಾರವಿಡೀ ತಲೆಯಲ್ಲಿ ಕೊರೆಯಿತು. ಕಾಂಕ್ರೀಟ್ ಬಿಸಿಲಿಗೆ ಹಿಗ್ಗಿ ತಂಪಿಗೆ ಕುಗ್ಗುತ್ತದೆ. ಕೆಳಗಿನ ಗೋಡೆ ಅದರ ತಾಳಕ್ಕೆ ಕುಣಿಯುವುದಿಲ್ಲ. ನಡುವೆ ಸಿಕ್ಕಿದ ಪುಟ್ಟಿ ಕಲ್ಲಿನಂತೆ ಗಟ್ಟಿಯಾಗಿ ಸೀಳುತ್ತದೆ. ಹಾಗಾದರೆ ರಬ್ಬರಿನಂಥದ್ದು ಬೇಕು. ಇಷ್ಟರ ಮಟ್ಟಿಗೆ ನನ್ನ ತರ್ಕ ಸರಿಯಾಗಿಯೇ ಇತ್ತು. ವಾಶ್ ಬೇಸಿನ್ನಿಗೆ ಹಚ್ಚಿ ಉಳಿದಿದ್ದ ಬಿಳಿ ಸಿಲಿಕೋನ್, ಟೂತ್‌ಪೇಸ್ಟಿನಂಥ ಸಣ್ಣ ಟ್ಯೂಬು, ಕಪಾಟಿನಲ್ಲಿತ್ತು. ದುಡ್ಡೂ ಉಳಿಯಿತು ಎಂದು ಪಶ್ಚಿಮದ ಗೋಡೆಯ 12 ಅಡಿಗೂ ಹಿಂಡಿ, ಸಾಬೂನು ನೀರಿನ ಬೆರಳಲ್ಲಿ ಸವರಿದೆ. ಬೆಣ್ಣೆ ಸವರಿದ ಹಾಗೆ ಬಂತು. ಇಡೀ ಕೆಲಸದಲ್ಲಿ ಅಷ್ಟು ಚೆಂದದ ಮೂಲೆ ಮತ್ತೆ ಬರಲಿಲ್ಲ.

ನವೆಂಬರ್ 23, ಭಾನುವಾರ

ಬೆಳಿಗ್ಗೆ ಅದರ ಮೇಲೆ ಹಸಿರು ಬಳಿದರೆ ಬಣ್ಣ ನಿಲ್ಲಲೇ ಇಲ್ಲ. ಬ್ರಷ್ ಮುಂದೆ ಹೋದಂತೆ ಹಿಂದಿನ ಬಣ್ಣ ಮುದುಡಿ ಹನಿಹನಿಯಾಗಿ ಕೂತು, ಹನಿಗಳು ಒಂದನ್ನೊಂದು ಸೇರಿ ಕೆಳಗಿಳಿದವು. ಕೆಸುವಿನ ಎಲೆಯ ಮೇಲಿನ ನೀರು! ಬಣ್ಣವನ್ನು ಅಮ್ಮ ಕೆಸುವಿನದು ಎಂದದ್ದಕ್ಕೆ ಅದು ಗುಣವನ್ನೂ ತಂದಿತೋ ಎಂದು ಏಣಿಯ ಮೇಲೆ ನಿಂತೇ ನಗು ಬಂತು. ನಕ್ಕದ್ದು ನಾನೊಬ್ಬನೇ.

ಹತ್ತು ಗಂಟೆಗೆ ಪರಿಚಯದ ಪೇಂಟರ್ ಅಡಿಕೆ ಮಂಡಿಯ ಕಡೆ ಹೊರಟವರು ಒಂದು ಲೋಟ ಕಾಫಿಗೆ ಒಳಗೆ ಬಂದರು. ಮೂಲೆಯನ್ನು ಉಗುರಿನಿಂದ ಒತ್ತಿ ನೋಡಿ, "ಸಿಲಿಕೋನ್ ಹಾಕಿದಿರಾ ಮೇಷ್ಟ್ರೇ? ಇದರ ಮೇಲೆ ಬ್ರಹ್ಮ ಬಂದು ಬಳಿದರೂ ಬಣ್ಣ ನಿಲ್ಲುವುದಿಲ್ಲ. ಪೂರ್ತಿ ಕಿತ್ತು ಉಜ್ಜಿ. ಅಕ್ರಿಲಿಕ್ ಸೀಲೆಂಟ್ ಎಂದು ಕೇಳಿ ತನ್ನಿ, ಅದರ ಮೇಲೆ ಬಣ್ಣ ಹಿಡಿಯುತ್ತದೆ," ಎಂದರು. ಆಮೇಲೆ ನನ್ನ ಬ್ರಷ್ ತೆಗೆದುಕೊಂಡು ತೋರಿಸಿದರು. ಕೂದಲಿನ ಮೂರರಲ್ಲಿ ಒಂದು ಪಾಲು ಮಾತ್ರ ಬಣ್ಣದಲ್ಲಿ ಅದ್ದಿದರು. ಡಬ್ಬಿಗೆ ಒರೆಸಲಿಲ್ಲ, ಒಳಗೋಡೆಗೆ ಎರಡು ಸಲ ತಟ್ಟಿದರು. ಅಂಚಿನಿಂದ ಅರ್ಧ ಇಂಚು ಕೆಳಗೆ ಮೊದಲ ಎಳೆತ, ಬಣ್ಣದ ಭಾರ ಅಲ್ಲಿ ಇಳಿಯಲಿ ಎಂದು. ಎರಡನೆಯದಕ್ಕೆ ಬ್ರಷ್ಷನ್ನು ತುಸು ಒತ್ತಿ, ಕೂದಲು ಬೀಸಣಿಗೆಯಂತೆ ಅರಳಿದ ಮೇಲೆ ಆ ತುದಿಯನ್ನು ಗೆರೆಗೆ ಮುಟ್ಟಿಸಿ, ಭುಜದಿಂದ ಎಳೆದರು. ಮಣಿಕಟ್ಟು ಅಲುಗಲಿಲ್ಲ. ಎರಡು ಅಡಿ, ಹತ್ತು ಸೆಕೆಂಡ್.

"ಟೇಪ್ ಹಾಕಿದರೆ ಮರ್ಯಾದೆ ಹೋಗುತ್ತದೆಯೇ?" ಎಂದು ಕೇಳಿದೆ.

"ಕೈ ಕೂರುವವರೆಗೆ ಟೇಪೇ ಹಾಕಿ. ಆದರೆ ನೀವು ಸೀಲಿಂಗಿನ ಹಿಂದೆ ಹೋಗುತ್ತಿದ್ದೀರಿ. ಅದು ಸೊಟ್ಟ ಇದೆ. ಅದರ ಹಿಂದೆ ಹೋದರೆ ನೀವೂ ಸೊಟ್ಟ."

ಇಡೀ ಮಧ್ಯಾಹ್ನ ಸಿಲಿಕೋನ್ ಕಿತ್ತೆ. ಬ್ಲೇಡಿನಿಂದ ಸೀಳಿ ಎಳೆದರೆ ಪಟ್ಟಿಯಾಗಿ ಬರುತ್ತದೆ. ಗೋಡೆಯ ರಂಧ್ರಗಳಲ್ಲಿ ಕೂತ ಪೊರೆಯನ್ನು ಮಾತ್ರ ಉಪ್ಪುಕಾಗದದಲ್ಲಿ ಉಜ್ಜಿಯೇ ತೆಗೆಯಬೇಕು. ಹಾಕಲು ಇಪ್ಪತ್ತು ನಿಮಿಷ ಹಿಡಿದದ್ದು ತೆಗೆಯಲು ನಾಲ್ಕು ಗಂಟೆ.

ನವೆಂಬರ್ 26, ಬುಧವಾರ

ತರಬೇತಿಗೆಂದು ಶಿವಮೊಗ್ಗಕ್ಕೆ ಹೋದವನು ದುರ್ಗಿಗುಡಿಯಲ್ಲಿ ಅಕ್ರಿಲಿಕ್ ಸೀಲೆಂಟ್, ಅದನ್ನು ಒತ್ತುವ ಗನ್ನು, ನೀಲಿ ಬಣ್ಣದ ಒಳ್ಳೆಯ ಟೇಪು ಕೊಂಡೆ. ವಾಪಸ್ ಬರುವ ಬಸ್ಸಿನಲ್ಲಿ ಗನ್ನು ಚೀಲದಲ್ಲಿ ಹಿಡಿಸದೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಸಕ್ಕರೆಬೈಲು ದಾಟುವಾಗ ಪಕ್ಕದವರು ಟ್ರ್ಯಾಕ್ಟರಿಗೆ ಗ್ರೀಸ್ ಹಾಕುವುದೇ ಎಂದು ಕೇಳಿದರು. ಮಂಡಗದ್ದೆ ಬರುವವರೆಗೂ ಅವರಿಗೆ ಸಿಲಿಕೋನಿನ ಕಥೆ ಹೇಳಿದೆ.

ನವೆಂಬರ್ 29 ಮತ್ತು 30

ಈಗ ಮೊದಲೇ ಮಾಡಬೇಕಿದ್ದ ಕೆಲಸ. ಮೂಲೆಯಿಂದ 6 ಇಂಚಿನಷ್ಟು ಸೀಲಿಂಗಿನ ಡಿಸ್ಟೆಂಪರನ್ನು ಸುತ್ತಲೂ ಒದ್ದೆ ಮಾಡಿ ಪುಟ್ಟಿ ಬ್ಲೇಡಿನಲ್ಲಿ ಕೆರೆದೆ. ಒಣಗಿದ ಮೇಲೆ ಅಂಗೈ ಉಜ್ಜಿದರೆ ಬಿಳಿ ಹತ್ತಬಾರದು, ಅಲ್ಲಿಯವರೆಗೆ. ಪುಟ್ಟಿಯ ಸಡಿಲ ಚೂರುಗಳನ್ನು ಬಿರುಕಿನಿಂದ ಕೆದಕಿ ತೆಗೆದೆ. ಪ್ರೈಮರ್ ಬಳಿದು ಫ್ಯಾನ್ ಹಾಕಿ ಬಿಟ್ಟೆ.

ಸೀಲೆಂಟಿನ ಮೂತಿಯನ್ನು ಓರೆಯಾಗಿ, 4 ಮಿಲಿಮೀಟರ್ ಬಾಯಿ ಬರುವಂತೆ ಕತ್ತರಿಸಿದೆ. ಒಂದು ಸಲಕ್ಕೆ ಮೂರು ಅಡಿ ಎಳೆಯುವುದು, ಒದ್ದೆ ಬೆರಳಿನಲ್ಲಿ ಸವರುವುದು, ಬೆರಳನ್ನು ಬಟ್ಟೆಗೆ ಒರೆಸುವುದು, ಏಣಿ ಸರಿಸುವುದು. ಬೆರಳನ್ನು ಎರಡು ಸಲ ಆಡಿಸಿದರೆ ಸಾಕು. ಇನ್ನಷ್ಟು ಚೆಂದ ಮಾಡುತ್ತೇನೆ ಎಂದು ಮೂರನೇ ಸಲ ಹೋದಲ್ಲೆಲ್ಲ ಸೀಲೆಂಟ್ ಎದ್ದು ಬಂತು. 44 ಅಡಿಗೆ ಟ್ಯೂಬಿನ ಮುಕ್ಕಾಲು ಪಾಲು ಹೋಯಿತು. ಒಣಗುವಾಗ ಅದು ಕುಗ್ಗುತ್ತದೆ, ಹಾಗಾಗಿ ಪಶ್ಚಿಮದ ಅಗಲ ಬಿರುಕಿಗೆ ಮಾರನೇ ದಿನ ಇನ್ನೊಂದು ಎಳೆ ಕೊಟ್ಟೆ.

ಸೊಟ್ಟ ಸೀಲಿಂಗಿನ ಹಿಂದೆ ಹೋಗದೆ ಗೆರೆಯನ್ನು ಗೋಡೆಯ ಮೇಲೇ ಎಳೆಯಲೆಂದು, ಭಾನುವಾರ ಸೀಲಿಂಗಿನ ಬಿಳಿಯನ್ನೇ ಗೋಡೆಯ ಮೇಲೆ 3 ಇಂಚು ಇಳಿಸಿ ಬಳಿದೆ. ಹಳೆಯ ಹಸಿರು ಮುಚ್ಚಲು ಎರಡು ಕೋಟು. ಆಮೇಲೆ ಒಂದು ವಾರ ಮುಟ್ಟಲಿಲ್ಲ. ಮೇಲೆ ಒಣಗಿದಂತೆ ಕಂಡರೂ ಹಸಿ ಎಮಲ್ಷನ್ನಿನ ಮೇಲೆ ಟೇಪ್ ಹಚ್ಚಿದರೆ ಮತ್ತೆ ಹಪ್ಪಳ.

ಡಿಸೆಂಬರ್ 6, ಶನಿವಾರ

ಪೇಂಟರ್ ಹೇಳಿದ ಸೊಟ್ಟವನ್ನು ಅಳೆದೆ. ಪಶ್ಚಿಮದ ಗೋಡೆಯಲ್ಲಿ ಮೂಲೆಯಿಂದ ಮೂಲೆಗೆ ನೂಲು ಬಿಗಿದರೆ ಸೀಲಿಂಗು ನಡುವೆ 9 ಮಿಲಿಮೀಟರ್ ಹೊಟ್ಟೆ ಬಿಟ್ಟಿದೆ. ಅಡಿಕೆ ಕಂಬ ತುಸು ಕುಸಿದಿರಬೇಕು. ಸಾಲದ್ದಕ್ಕೆ ನೈಋತ್ಯ ಮೂಲೆ ವಾಯವ್ಯ ಮೂಲೆಗಿಂತ 11 ಮಿಲಿಮೀಟರ್ ತಗ್ಗು. ಇದು ತಿಳಿಯಲು 120 ರೂಪಾಯಿ ಕೊಟ್ಟು ಪಾರದರ್ಶಕ ಕೊಳವೆ ಕೊಂಡು, ನೀರು ತುಂಬಿ, ಗಾರೆಯವರಂತೆ ಮಟ್ಟ ನೋಡಿದೆ. ಗಣಿತದವನ ಚಪಲ. ನೀರಿನ ಮಟ್ಟಕ್ಕೆ ಸರಿಯಾಗಿ ಗೆರೆ ಹಾಕಿದರೆ ತಪ್ಪೇ ಇರದು ಎಂಬುದು ಲೆಕ್ಕ. ಆ ಲೆಕ್ಕದಂತೆ ಗೆರೆಯ ಮೇಲಿನ ಬಿಳಿ ಒಂದು ತುದಿಯಲ್ಲಿ 7, ಇನ್ನೊಂದು ತುದಿಯಲ್ಲಿ 18 ಮಿಲಿಮೀಟರ್ ಬರುತ್ತದೆ. ಬಳಿಯುವ ಮೊದಲು ದಿನಪತ್ರಿಕೆಯ ಪಟ್ಟಿ ಕತ್ತರಿಸಿ ಆ ಗೆರೆಗೆ ಅಂಟಿಸಿ, ಅಮ್ಮನ ಮಂಚ ಇರುತ್ತಿದ್ದ ಜಾಗದಲ್ಲಿ ಚಾಪೆ ಹಾಕಿ ಮಲಗಿ ನೋಡಿದೆ. ಮಟ್ಟಸವಾದ ಗೆರೆಯೇ ಓರೆಯಾಗಿ ಕಂಡಿತು! ಕಣ್ಣು ಅದನ್ನು ಹೋಲಿಸುವುದು ಸೀಲಿಂಗಿನೊಡನೆ, ನೀರಿನೊಡನೆ ಅಲ್ಲ.

ಹಾಗಾಗಿ ಮಟ್ಟವನ್ನು ಕೈಬಿಟ್ಟೆ, ನೇರವನ್ನು ಇಟ್ಟುಕೊಂಡೆ. ನಾಲ್ಕೂ ಮೂಲೆಗಳಲ್ಲಿ ಸೀಲಿಂಗಿನಿಂದ 13 ಮಿಲಿಮೀಟರ್ ಕೆಳಗೆ ಒಂದೊಂದು ಗುರುತು. ಒಂದೇ ಗುರುತು ಎರಡು ಗೋಡೆಗೂ. ಇಲ್ಲವಾದರೆ ಮೂಲೆಯಲ್ಲಿ ಗೆರೆಗಳು ಮೆಟ್ಟಿಲಿನಂತೆ ನಿಲ್ಲುತ್ತವೆ. ಗುರುತಿನಿಂದ ಗುರುತಿಗೆ ನೂಲು. ಹೊಟ್ಟೆ ಬಿಟ್ಟ ಜಾಗದಲ್ಲಿ ಬಿಳಿ ಪಟ್ಟಿ 4 ಮಿಲಿಮೀಟರ್, ತುದಿಗಳಲ್ಲಿ 13. ಈ ವ್ಯತ್ಯಾಸ ಚಾಪೆಯಿಂದ ಕಾಣಲಿಲ್ಲ. ಬಿಳಿ ಬಿಳಿಯಲ್ಲೇ ಕರಗಿಹೋಗುತ್ತದೆ.

ನೂಲಿಗೆ ಹಚ್ಚಲು ಬಣ್ಣದ ಸೀಮೆಸುಣ್ಣ ಅರೆದೆ. ಶಾಲೆಯದಲ್ಲ, ಅಂಗಡಿಯಲ್ಲಿ ಕೊಂಡದ್ದು. ಮೊದಲು ಕೆಂಪು ಹಚ್ಚಿ ನೂಲು ಮಿಡಿದರೆ ಬಿಳಿಯ ಮೇಲೆ ಗುಲಾಬಿ ಕಲೆ ಕೂತು ಒರೆಸಿದರೂ ಹೋಗಲಿಲ್ಲ. ನೀಲಿ ಒಣಬಟ್ಟೆಗೇ ಬಂತು. ಒಂದು ತುದಿಯನ್ನು ಹೆಂಡತಿ ಹಿಡಿದಳು, ಇನ್ನೊಂದನ್ನು ನಾನು. ಮಗಳು ಸ್ಟೂಲಿನ ಮೇಲೆ ನಿಂತು ನಡುವೆ ಎರಡು ಬೆರಳಲ್ಲಿ ಎಳೆದು ಬಿಟ್ಟಳು. ಟಪ್ ಎಂದಿತು. ನೀಲಿ ಪುಡಿ ಹೊಗೆಯಂತೆ ಎದ್ದು ಇಳಿದ ಮೇಲೆ 12 ಅಡಿಯುದ್ದಕ್ಕೂ ಕೂದಲಿನಂಥ ಗೆರೆ. ಈ ಕೋಣೆ ಕಟ್ಟಿ ಇಷ್ಟು ವರ್ಷವಾದರೂ ಒಂದು ನೇರ ಗೆರೆ ಇದರೊಳಗೆ ಬಂದದ್ದು ಇದೇ ಮೊದಲು ಇರಬೇಕು.

ಟೇಪಿನ ಕೆಳ ಅಂಚು ಗೆರೆಗೆ, ಮೈ ಗೆರೆಯಿಂದ ಮೇಲಕ್ಕೆ. ತೋಳಿನುದ್ದದ ತುಂಡುಗಳು, ಒಂದರ ಮೇಲೊಂದು ಒಂದು ಇಂಚು. ಬಿಳಿ ಪಟ್ಟಿ ಟೇಪಿಗಿಂತ ಕಿರಿದಾದ್ದರಿಂದ ಮೇಲಿನ ಅಂಚು ಅಂಟಲು ಜಾಗವಿಲ್ಲದೆ ಸೂರಿನಂತೆ ಚಾಚಿ ನಿಂತಿತು. ನಿಲ್ಲಲಿ, ಜಾರಿದ ಬ್ರಷ್ಷಿಗೆ ಅದೇ ತಡೆ. ಗಟ್ಟಿಯಾಗಿ ಕೂರಬೇಕಾದದ್ದು ಕೆಳ ಅಂಚು ಮಾತ್ರ. ಅದನ್ನು ಪುಟ್ಟಿ ಬ್ಲೇಡಿನಿಂದ ಉದ್ದಕ್ಕೂ ಒತ್ತಿದೆ.

ಡಿಸೆಂಬರ್ 7, ಭಾನುವಾರ

ಬೆಳಿಗ್ಗೆ ಏಳಕ್ಕೆ ಟೇಪಿನ ಕೆಳ ಅಂಚಿನ ಮೇಲೆ ಹಸಿರಲ್ಲ, ಸೀಲಿಂಗಿನ ಬಿಳಿಯನ್ನೇ ತೆಳ್ಳಗೆ ಬಳಿದೆ. ನುಗ್ಗುವುದಿದ್ದರೆ ಬಿಳಿ ನುಗ್ಗಲಿ, ನುಗ್ಗಿ ತೂಬು ಮುಚ್ಚಲಿ ಎಂಬ ಉಪಾಯ. ಮುಕ್ಕಾಲು ಗಂಟೆ ಫ್ಯಾನಿನ ಗಾಳಿ. ಆಮೇಲೆ ಹಸಿರಿನ ಮೊದಲ ಕೋಟು. ನಾಲ್ಕು ಗಂಟೆ ಬಿಟ್ಟು, ಎರಡನೇ ಕೋಟನ್ನು ಒಂದೊಂದೇ ಗೋಡೆಗೆ ಬಳಿದು, ಹಸಿ ಇರುವಾಗಲೇ ಆ ಗೋಡೆಯ ಟೇಪ್ ತೆಗೆದೆ. ಟೇಪನ್ನು ಅದರ ಬೆನ್ನ ಮೇಲೇ ಮಡಚಿದಂತೆ ಓರೆಯಾಗಿ, ನಿಧಾನವಾಗಿ. ಮೊದಲ ಅರ್ಧ ಅಡಿ ಉಸಿರು ಬಿಡಲಿಲ್ಲ. ಬಾಳೆಯ ಪಟ್ಟೆ ಸುಲಿದ ಹಾಗೆ ಬಂತು. ಹಸಿರು ನಿಂತ ಜಾಗದಲ್ಲಿ ಹಸಿರು, ಬಿಳಿ ನಿಂತ ಜಾಗದಲ್ಲಿ ಬಿಳಿ.

ದಕ್ಷಿಣದ ಗೋಡೆಯಲ್ಲಿ ಎಡವಿದೆ. ಬಳಿದ ಹೊತ್ತಿಗೆ ಫೋನ್ ಬಂತು, ಮಾತು ಮುಗಿಸಿ ಬರುವಾಗ ಅರ್ಧ ಗಂಟೆ ಕಳೆದಿತ್ತು. ಒಣಗಿದ ಬಣ್ಣದ ಪೊರೆ ಟೇಪಿನ ಜೊತೆ ಹರಿದು ಕಿಟಕಿಯ ಮೇಲೆ 8 ಇಂಚು ಚಿಂದಿಯಾಯಿತು. ಉಳಿದ ಉದ್ದಕ್ಕೆ ಹೊಸ ಬ್ಲೇಡಿನಿಂದ ಟೇಪಿನ ಅಂಚಿನ ಗುಂಟ ಮೆಲ್ಲಗೆ ಗೀರಿ ಆಮೇಲೆ ಎಳೆದೆ. ಹರಿದ ಕಡೆ 1 ಇಂಚಿನ ಬ್ರಷ್ಷಿನಲ್ಲಿ, ಪೇಂಟರ್ ತೋರಿಸಿದ ರೀತಿಯಲ್ಲಿ ಬರಿಗೈಯಿಂದ ತಿದ್ದಿದೆ. ಕೈ ನಡುಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಖರ್ಚು, ಅಂಚಿಗೆಂದೇ ಆದದ್ದು: ಪುಟ್ಟಿ 45, ಮಾಮೂಲಿ ಟೇಪು 80, ನೀಲಿ ಟೇಪು 260, ಎರಡು ಬ್ರಷ್ 155, ಸೀಲೆಂಟ್ 190, ಗನ್ನು 220, ಬ್ಲೇಡ್ 60, ಉಪ್ಪುಕಾಗದ 60, ಪ್ರೈಮರ್ 190, ನೀರಿನ ಕೊಳವೆ 120, ಸೀಮೆಸುಣ್ಣ 30. ಒಟ್ಟು 1,410 ರೂಪಾಯಿ. ಇದರಲ್ಲಿ ಪುಟ್ಟಿ, ಮಾಮೂಲಿ ಟೇಪು, ಕೊಳವೆ ಸೇರಿ 245 ನೀರಿಗೆ ಹಾಕಿದ ಹಾಗೆ. ಕೊಳವೆಯನ್ನು ಹೆಂಡತಿ ಮಲ್ಲಿಗೆ ಗಿಡಕ್ಕೆ ನೀರು ಬಿಡಲು ತೆಗೆದುಕೊಂಡಿದ್ದಾಳೆ. ಸಿಲಿಕೋನ್ ಹಳೆಯದಾದ್ದರಿಂದ ಲೆಕ್ಕಕ್ಕೆ ಹಿಡಿದಿಲ್ಲ. ನಾಲ್ಕು ಗಂಟೆಯ ಕೆರೆತವನ್ನೂ ಹಿಡಿದಿಲ್ಲ.

ಡಿಸೆಂಬರ್ 10, ಬುಧವಾರ

ವಾಸನೆ ಹೋದ ಮೇಲೆ ಅಮ್ಮನ ಮಂಚ ಒಳಗೆ ಬಂತು. ಮಲಗಿ, ಕನ್ನಡಕ ಸರಿಮಾಡಿಕೊಂಡು, ಪಶ್ಚಿಮದ ಗೋಡೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. ಏನೂ ಹೇಳಲಿಲ್ಲ. ಉತ್ತರದ ಗೋಡೆ, ಪೂರ್ವದ್ದು. ಹೊರಳಿ ದಕ್ಷಿಣಕ್ಕೆ ಬಂದು ಕಿಟಕಿಯ ಮೇಲೆ ಕಣ್ಣು ನಿಲ್ಲಿಸಿದಳು.

"ಇಷ್ಟು ಜಾಗ ಬೇರೆ ಯಾರಾದರೂ ಬಳಿದರೇನು?"

ಬರುವ ಶನಿವಾರ ಆ 8 ಇಂಚಿಗೆ ಮತ್ತೆ ನೂಲು ಮಿಡಿಯಬೇಕು. ಏಣಿ ಅಷ್ಟರವರೆಗೆ ಇರಲಿ ಎಂದು ಪಕ್ಕದ ಮನೆಯವರಲ್ಲಿ ಕೇಳಿಕೊಂಡಿದ್ದೇನೆ. ಉಳಿದ ಹಸಿರನ್ನು ಹಾರ್ಲಿಕ್ಸ್ ಬಾಟಲಿಗೆ ತುಂಬಿ, ಬಣ್ಣದ ಸಂಖ್ಯೆ ಬರೆದ ಚೀಟಿ ಅಂಟಿಸಿ ಅಟ್ಟದ ಮೇಲಿಟ್ಟೆ. ಪಶ್ಚಿಮದ ಗೋಡೆಯಲ್ಲಿ, ಬೀರು ಮರೆ ಮಾಡುವ ಕಡೆ, ಸೀಲೆಂಟ್ ಹಾಕಿದ ತಾರೀಕನ್ನು ಪೆನ್ಸಿಲಿನಲ್ಲಿ ಸಣ್ಣದಾಗಿ ಬರೆದಿದ್ದೇನೆ. ಅಲ್ಲಿ ಬಿರುಕು ಬಂತೋ ಇಲ್ಲವೋ ಎಂದು ಬರುವ ಆಷಾಢದಲ್ಲಿ ಬೀರು ಸರಿಸಿ ನೋಡಬೇಕು.